ಕಣ್ಣು-ಕಿವಿ ಎರಡೂ ಇಲ್ಲದವರ ಅಂಗೈಗೆ ಮಾತು ತಲುಪಲಿ



ನಮ್ಮ ದೊಡ್ಡಪ್ಪನವರು ಯಲಹಂಕದಲ್ಲಿ ಮಗನ ಮನೆಯಲ್ಲಿದ್ದಾರೆ. ಹಾವೇರಿ ಕಡೆಯಿಂದ ಬಂದು, ಜಾಲಹಳ್ಳಿ ಹತ್ತಿರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಚಿಕ್ಕಂದಿನಿಂದಲೂ ಕಿವಿ ಮಂದ. ಮೂವತ್ತು ದಾಟುವಾಗ ಇರುಳುಗಣ್ಣು ಶುರುವಾಯಿತು. ಆಮೇಲೆ ಎರಡೂ ಬದಿಯ ನೋಟ ಕುಗ್ಗುತ್ತ ಬಂದು, ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿಯಿತು. ಅರವತ್ತು ದಾಟಿದ ಮೇಲೆ ಅದೂ ಹೋಯಿತು. ಕಿವಿಯೂ ಪೂರ್ತಿ ಮುಚ್ಚಿತು. ವೈದ್ಯರು ಇದಕ್ಕೆ ಅಷರ್ ಸಿಂಡ್ರೋಮ್ ಎಂದು ಹೆಸರು ಹೇಳಿದರು. ನಾವು ಹೆಸರು ಕೇಳಿಕೊಂಡು ಮನೆಗೆ ಬಂದೆವು. ಮುಂದೆ ಅವರೊಡನೆ ಮಾತಾಡುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಮೂರು ವರ್ಷದ ಹಿಂದೆ ದೊಡ್ಡಮ್ಮ ಆಸ್ಪತ್ರೆಯಲ್ಲಿ ಲಿಂಗೈಕ್ಯರಾದರು. ಮನೆ ತುಂಬ ಜನ. ಊರಿಗೆ ಫೋನು ಮಾಡುವವರು, ಸಮಾಧಿಗೆ ಜಾಗ ನೋಡುವವರು, ಅಳುವವರು. ದೊಡ್ಡಪ್ಪ ತಮ್ಮ ಕೋಣೆಯ ಮಂಚದ ಮೇಲೆ ಕೂತಿದ್ದರು. ನೆಲ ಅದುರುವುದರಿಂದ ಜನ ಬಂದಿದ್ದಾರೆಂದು ಅವರಿಗೆ ಗೊತ್ತಾಗಿತ್ತು, ಯಾಕೆಂದು ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾವ್ಯಾರೂ ಹೇಳಲಿಲ್ಲ. ಹೇಳುವ ದಾರಿ ನಮಗೆ ತಿಳಿದಿರಲಿಲ್ಲ. ಕೊನೆಗೆ ಎಂಟನೇ ತರಗತಿಯ ಮೊಮ್ಮಗಳು ಒಳಗೆ ಹೋಗಿ, ಅವರ ಬಲಗೈ ಹಿಡಿದು, ಅಂಗೈಯಲ್ಲಿ ಬೆರಳಿನಿಂದ ಬರೆದಳು: ಅಜಿ ಇಲ. ಒತ್ತಕ್ಷರ ಬರೆಯಲು ಅಂಗೈಯಲ್ಲಿ ಜಾಗ ಸಾಲದೆ ಬಿಟ್ಟಿದ್ದಳು. ದೊಡ್ಡಪ್ಪನಿಗೆ ಅರ್ಥವಾಯಿತು.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಆ ಹುಡುಗಿಗೆ ಐದು ನಿಮಿಷದಲ್ಲಿ ಹೊಳೆದದ್ದು ನಮಗೆಲ್ಲ ಹಲವು ವರ್ಷ ಯಾಕೆ ಹೊಳೆಯಲಿಲ್ಲ? ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರು ನಾವು. ಗುಡಿಯ ಬಾಗಿಲು, ಗಂಟೆ, ದೀಪ, ಪೂಜಾರಿ ಯಾವುದೂ ಇಲ್ಲದೆ ಅರಿವಿನ ಕುರುಹನ್ನು ಕರಸ್ಥಲಕ್ಕೆ ತಂದುಕೊಟ್ಟವರು ಬಸವಾದಿ ಶರಣರು. ಕಣ್ಣು ಕಾಣದ, ಕಿವಿ ಕೇಳದ ಮನುಷ್ಯನಿಗೂ ಪೂರ್ತಿಯಾಗಿ ಸಲ್ಲುವ ಪೂಜೆ ಅದು. ದೊಡ್ಡಪ್ಪ ಇಂದಿಗೂ ಒಂದು ದಿನ ಲಿಂಗಪೂಜೆ ತಪ್ಪಿಸಿಲ್ಲ. ದೇವರು ಅವರ ಅಂಗೈಗೆ ಬಂದಿದ್ದ. ಬರದೆ ಉಳಿದವರು ನಾವು, ಮನೆಯವರು.

ಈ ಸ್ಥಿತಿ ಏನೆಂಬುದನ್ನು ಮೊದಲು ತಿಳಿಯೋಣ. ಕಿವುಡುತನ ಮತ್ತು ಕುರುಡುತನವನ್ನು ಕೂಡಿಸಿದರೆ ಬರುವ ಮೊತ್ತ ಇದಲ್ಲ. ಕಣ್ಣಿಲ್ಲದವರು ಕಿವಿಯಿಂದ ಲೋಕವನ್ನು ತಿಳಿಯುತ್ತಾರೆ. ಕಿವಿಯಿಲ್ಲದವರು ಕಣ್ಣಿನಿಂದ, ಕೈಸನ್ನೆಯಿಂದ ತಿಳಿಯುತ್ತಾರೆ. ಒಂದು ಬಾಗಿಲು ಮುಚ್ಚಿದಾಗ ನೆರವಿಗೆ ಬರುವ ಇನ್ನೊಂದು ಬಾಗಿಲೂ ಇಲ್ಲಿ ಮುಚ್ಚಿರುತ್ತದೆ. ಉಳಿಯುವುದು ಸ್ಪರ್ಶ ಒಂದೇ. ಕೆಲವರಿಗೆ ಸ್ವಲ್ಪ ನೋಟ, ಸ್ವಲ್ಪ ಕೇಳುವಿಕೆ ಉಳಿದಿರಬಹುದು. ಕೆಲವರು ಹುಟ್ಟಿನಿಂದಲೇ ಹೀಗಿರುತ್ತಾರೆ. ಮುಪ್ಪಿನಲ್ಲಿ ಸಕ್ಕರೆ ಕಾಯಿಲೆ, ಗ್ಲಾಕೋಮಾ, ಕಿವಿ ಮಂದವಾಗುವುದು ಎಲ್ಲ ಕೂಡಿ ಹೀಗಾದವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ನಾವು 'ವಯಸ್ಸಾಯ್ತು, ಪಾಪ' ಎಂದು ಮೂಲೆಯಲ್ಲಿ ಕೂರಿಸಿರುತ್ತೇವೆ, ಅಷ್ಟೆ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರನ್ನು ಎಣಿಸಿತು. ಅದರಲ್ಲಿ ಬಹುವಿಧ ವೈಕಲ್ಯದವರು ಸುಮಾರು 21 ಲಕ್ಷ. ಆ 21 ಲಕ್ಷದೊಳಗೆ ಕಣ್ಣು-ಕಿವಿ ಎರಡೂ ಇಲ್ಲದವರು ಎಷ್ಟು ಎಂದು ಗಣತಿ ಬೇರೆಯಾಗಿ ಕೇಳಲೇ ಇಲ್ಲ. ಈ ಕ್ಷೇತ್ರದಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಅಹಮದಾಬಾದಿನ ಸೆನ್ಸ್ ಇಂಟರ್‌ನ್ಯಾಷನಲ್ ಇಂಡಿಯಾ ಸಂಸ್ಥೆಯ ಅಂದಾಜು ಸುಮಾರು ಐದು ಲಕ್ಷ. ಎಣಿಕೆಗೇ ಸಿಗದವರು ಯೋಜನೆಗೆ ಸಿಗುವುದು ಹೇಗೆ?

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ದೊಡ್ಡಪ್ಪನ ಸ್ಥಿತಿ ನೋಡಿ ನಮ್ಮ ನೆಂಟರಲ್ಲೇ ಒಬ್ಬರು 'ಹಿಂದಿನ ಜನ್ಮದ ಕರ್ಮ' ಎಂದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಕರ್ಮ! ಶರಣರು ಕಿತ್ತೊಗೆದ ಕಳೆಯನ್ನು ನಾವೇ ಮತ್ತೆ ಬಿತ್ತುತ್ತಿದ್ದೇವೆ. ಅಷರ್ ಸಿಂಡ್ರೋಮ್ ಬರುವುದು ತಂದೆ-ತಾಯಿ ಇಬ್ಬರಿಂದಲೂ ದೋಷವಿರುವ ಒಂದೊಂದು ವಂಶವಾಹಿ ಬಂದು ಮಗುವಿನಲ್ಲಿ ಕೂಡಿದಾಗ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಹಾಗೆ ಕೂಡುವ ಸಾಧ್ಯತೆ ಹೆಚ್ಚು. ದೊಡ್ಡಪ್ಪನ ತಂದೆ-ತಾಯಿ ಸೋದರಮಾವ-ಸೊಸೆ. ಆಸ್ತಿ ಹೊರಗೆ ಹೋಗಬಾರದು, ಒಳಪಂಗಡ ಬಿಡಬಾರದು ಎಂದು ನಾವು ಮಾಡುವ ಮದುವೆಗಳ ಲೆಕ್ಕ ಮಕ್ಕಳ ಮೈಮೇಲೆ ಬರುತ್ತದೆ. ಕಲ್ಯಾಣದಲ್ಲಿ ಜಾತಿಯ ಗೋಡೆ ದಾಟಿ ಮದುವೆ ನಡೆಸಿದ ಶರಣರ ಪರಂಪರೆಯವರು ಒಳಪಂಗಡದ ಗೋಡೆಯೊಳಗೆ ಕೂತಿರುವುದು ಎಷ್ಟು ಸರಿ? ಆಗಿಹೋದದ್ದಕ್ಕೆ ಯಾರನ್ನೂ ದೂರಲಾರೆ. ಮುಂದಿನ ಮದುವೆಗಳ ಮಾತುಕತೆಯಲ್ಲಿ ಇದು ನೆನಪಿರಲಿ.

ಈಗ ಉಪಕರಣಗಳ ವಿಷಯ. ಬ್ರೈಲ್ ಡಿಸ್‌ಪ್ಲೇ ಎಂಬ ಯಂತ್ರವಿದೆ. ಊಟದ ಡಬ್ಬಿಯಷ್ಟು ದೊಡ್ಡದು. ಮೇಲೆ ಒಂದು ಸಾಲು ಸಣ್ಣ ರಂಧ್ರಗಳು. ಅವುಗಳಿಂದ ಚುಕ್ಕೆಗಳು ಮೇಲೇಳುತ್ತವೆ, ಇಳಿಯುತ್ತವೆ. ಮೊಬೈಲಿಗೋ ಕಂಪ್ಯೂಟರಿಗೋ ಜೋಡಿಸಿದರೆ ಪರದೆಯ ಅಕ್ಷರ ಬೆರಳ ತುದಿಗೆ ಬರುತ್ತದೆ. ಅದರ ಆರು ಕೀಲಿಗಳನ್ನು ಒತ್ತಿ ಅವರು ಬರೆದದ್ದು ನಮ್ಮ ಪರದೆಯಲ್ಲಿ ಕನ್ನಡ ಅಕ್ಷರವಾಗಿ ಕಾಣುತ್ತದೆ. ಭಾರತದ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಎಂದು 1951ರಲ್ಲೇ ತೀರ್ಮಾನವಾಯಿತು; ಕನ್ನಡ ಬ್ರೈಲ್ ಅದರದೇ ಭಾಗ. ಕಂಪ್ಯೂಟರಿನ ಪರದೆ ಓದುವ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ. ಆಸ್ಟ್ರೇಲಿಯದ ದೃಷ್ಟಿಹೀನ ಯುವಕ ಮೈಕೆಲ್ ಕರ್ರನ್ 2006ರಲ್ಲಿ ಅದನ್ನು ಶುರು ಮಾಡಿದರು. ಅದು ಕನ್ನಡ ಬ್ರೈಲನ್ನೂ ಬಲ್ಲದು. ತಂತ್ರಾಂಶಕ್ಕೆ ಕಾಸು ಬೇಡ. ದುಬಾರಿ ಇರುವುದು ಯಂತ್ರ. ಕಡಿಮೆ ಬೆಲೆಯದಕ್ಕೂ ಹತ್ತಾರು ಸಾವಿರ ರೂಪಾಯಿ. ಹೊರದೇಶದ ದೊಡ್ಡ ಯಂತ್ರಕ್ಕೆ ಲಕ್ಷ ದಾಟುತ್ತದೆ.

ಎಲ್ಲರಿಗೂ ಬ್ರೈಲೇ ಬೇಕೆಂದಿಲ್ಲ. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವರಿಗೆ ಚುಕ್ಕೆ ತಿಳಿಯುವುದು ಕಷ್ಟ. ಸ್ವಲ್ಪ ನೋಟ ಇರುವವರಿಗೆ ಕಪ್ಪು ಪರದೆಯ ಮೇಲೆ ದಪ್ಪ ಬಿಳಿ ಅಕ್ಷರ ಸಾಕು. ಸ್ವಲ್ಪ ಕೇಳುವವರಿಗೆ ಫೋನಿನ ದನಿ ನೇರವಾಗಿ ಬರುವ ಶ್ರವಣ ಸಾಧನ ಸಾಕು. ಬಾಗಿಲ ಗಂಟೆ ಒತ್ತಿದರೆ ನಡುಗುವ ಚಿಕ್ಕ ಯಂತ್ರ ಕೆಲವರಿಗೆ ದೊಡ್ಡ ಉಪಕಾರ. ಯಾರಿಗೆ ಯಾವುದು ಎಂದು ಕೂತು ನೋಡುವವರು ಬೇಕು.

ನಮ್ಮಲ್ಲಿ ಆಗುತ್ತಿರುವುದೇನು? ದೊಡ್ಡಪ್ಪನನ್ನು ಸಾಧನ ವಿತರಣಾ ಶಿಬಿರವೊಂದಕ್ಕೆ ಕರೆದೊಯ್ದಿದ್ದೆ. ಮೇಜಿನ ಹಿಂದಿದ್ದವರು ಕೇಳಿದರು: "ಇವರದು ಕಣ್ಣೋ, ಕಿವಿಯೋ? ಒಂದು ಹೇಳಿ ಸಾರ್." ಎರಡೂ ಎಂದೆ. "ಎರಡಕ್ಕೆ ಕಾಲಂ ಇಲ್ಲ." ಪಾಪ, ಅವರ ತಪ್ಪೂ ಅಲ್ಲ, ಅವರ ಕೈಗೆ ಕೊಟ್ಟ ಹಾಳೆ ಹಾಗಿತ್ತು. ಕೊನೆಗೆ ಒಂದು ಶ್ರವಣ ಸಾಧನ, ಒಂದು ಬಿಳಿ ಕೋಲು ಸಿಕ್ಕವು. ಕೇಳುವಿಕೆ ಏನೂ ಉಳಿಯದ ಕಿವಿಗೆ ಶ್ರವಣ ಸಾಧನ! ಅದು ಇಂದಿಗೂ ಡಬ್ಬಿಯೊಳಗೇ ಇದೆ.

ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯ ಸರ್ಕಾರ ಟಾಕಿಂಗ್ ಲ್ಯಾಪ್‌ಟಾಪ್ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಕಿವಿಯೂ ಕೇಳದ ವಿದ್ಯಾರ್ಥಿಗೆ ಆ ಲ್ಯಾಪ್‌ಟಾಪ್ ಎಷ್ಟು ಮಾತಾಡಿದರೇನು? ಕಿವಿ ಕೇಳದವರಿಗೆಂದು ಸನ್ನೆ ಭಾಷೆಯ ವಿಡಿಯೊ ಬರುತ್ತದೆ; ಕಣ್ಣೂ ಕಾಣದವರು ಅದನ್ನು ನೋಡುವುದೆಲ್ಲಿ? ಕಣ್ಣಿಗೊಂದು ಯೋಜನೆ, ಕಿವಿಗೊಂದು ಯೋಜನೆ. ಎರಡರ ನಡುವಿನ ಸಂದಿಯಲ್ಲಿ ಇವರು ಬಿದ್ದಿದ್ದಾರೆ.

ಕಾನೂನು ಇಲ್ಲವೆಂದಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ 1995ರ ಕಾಯಿದೆಯ 7 ಬಗೆಯ ವೈಕಲ್ಯಗಳು ಈಗ 21 ಆಗಿವೆ. ಬಹುವಿಧ ವೈಕಲ್ಯದ ಅಡಿಯಲ್ಲಿ ಕಣ್ಣು-ಕಿವಿ ಎರಡರ ದೋಷವನ್ನೂ ಹೆಸರಿಟ್ಟು ಸೇರಿಸಿದೆ. 'ಸಂವಹನ' ಎಂದರೆ ಬ್ರೈಲ್, ಸ್ಪರ್ಶದ ಮೂಲಕ ಮಾತು, ದಪ್ಪಕ್ಷರ ಎಲ್ಲವೂ ಸೇರಿದ್ದು ಎಂದು ವಿವರಿಸಿದೆ. ಆದಾಯ ಮಿತಿಗೆ ಒಳಪಟ್ಟವರಿಗೆ ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸುವುದನ್ನು 24ನೇ ಕಲಮಿನ ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಸೇರಿಸಿದೆ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದಲೂ ಇದೆ. ಸಾಧನಗಳನ್ನು ತಯಾರಿಸುವ ಕಾನ್ಪುರದ ಅಲಿಮ್ಕೊ ಸಂಸ್ಥೆಯ ಘಟಕ ನಮ್ಮ ಬೆಂಗಳೂರಿನಲ್ಲೂ ಇದೆ. ಹಕ್ಕು ಹಾಳೆಯ ಮೇಲಿದೆ. ಹಾಳೆಯಿಂದ ಅಂಗೈಗೆ ಇಳಿದಿಲ್ಲ.

ಬೇರೆ ಕಡೆ ಹೇಗೆ ಇಳಿಸಿದ್ದಾರೆ ನೋಡೋಣ. ಅಮೆರಿಕದಲ್ಲಿ 2010ರಲ್ಲಿ ಒಂದು ಕಾಯಿದೆ ಬಂತು. ಅದರ ಪ್ರಕಾರ ಕಣ್ಣು-ಕಿವಿ ಎರಡರಲ್ಲೂ ದೋಷವಿದ್ದು ಆದಾಯ ಮಿತಿಯೊಳಗಿರುವವರಿಗೆ ಸಂಪರ್ಕ ಸಾಧನಗಳು ಪೂರ್ತಿ ಉಚಿತ. 2012ರಲ್ಲಿ ಪ್ರಯೋಗವಾಗಿ ಶುರುವಾದದ್ದು 2017ರಲ್ಲಿ ಕಾಯಂ ಆಯಿತು. 'ಐಕ್ಯಾನ್‌ಕನೆಕ್ಟ್' ಎಂಬ ಹೆಸರಿನಲ್ಲಿ ಜನರಿಗೆ ಪರಿಚಿತ. ವರ್ಷಕ್ಕೆ ಒಂದು ಕೋಟಿ ಡಾಲರ್‌ವರೆಗೆ ಹಣ. ಅದು ಬರುವುದು ದೂರಸಂಪರ್ಕ ಕಂಪನಿಗಳು ಕಟ್ಟುವ ನಿಧಿಯಿಂದ. ಅಲ್ಲಿ ಯಂತ್ರ ಕೈಗಿಟ್ಟು ಫೋಟೊ ತೆಗೆಸಿಕೊಂಡು ಕಳಿಸುವುದಿಲ್ಲ. ಯಾರಿಗೆ ಯಾವುದು ಹೊಂದುತ್ತದೆ ಎಂದು ಮೊದಲು ಒಬ್ಬೊಬ್ಬರನ್ನೇ ನೋಡುತ್ತಾರೆ, ಮನೆಗೆ ಬಂದು ಜೋಡಿಸಿಕೊಡುತ್ತಾರೆ, ಬಳಸುವುದನ್ನು ಕಲಿಸುತ್ತಾರೆ. ಕಲಿಸುವ ಖರ್ಚೂ ಆ ಹಣದಲ್ಲೇ ಸೇರಿದೆ. ಕಲಿಕೆ ಇಲ್ಲದ ಯಂತ್ರ ನಮ್ಮ ಡಬ್ಬಿಯೊಳಗಿನ ಶ್ರವಣ ಸಾಧನದ ಹಾಗೆ.

ಅಂಥ ನಿಧಿ ನಮ್ಮ ದೇಶದಲ್ಲೂ ಇದೆ. ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಕಟ್ಟುವ ಸಾರ್ವತ್ರಿಕ ಸೇವಾ ನಿಧಿ 2002ರಿಂದ ಇತ್ತು. 2023ರ ದೂರಸಂಪರ್ಕ ಅಧಿನಿಯಮ ಅದಕ್ಕೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೊಸ ಹೆಸರಿಟ್ಟಿತು. ಸೇವೆ ತಲುಪದ ವರ್ಗಗಳಲ್ಲಿ ವಿಕಲಚೇತನರನ್ನೂ ಅದರ 2024ರ ನಿಯಮಗಳು ಹೆಸರಿಸುತ್ತವೆ. ದೊಡ್ಡಪ್ಪ ನಲವತ್ತು ವರ್ಷ ಬೆವರು ಸುರಿಸಿ ತೆರಿಗೆ ಕಟ್ಟಿದವರು. ಮನೆಯ ಫೋನು ಬಿಲ್ಲನ್ನೂ ಕಟ್ಟಿದವರು. ಆ ನಿಧಿಯಿಂದ ಒಂದು ಬ್ರೈಲ್ ಯಂತ್ರ ಕೇಳಿದರೆ ಅದು ಭಿಕ್ಷೆಯಲ್ಲ, ಅವರ ಪಾಲು.

'ಇದೆಲ್ಲ ಸರ್ಕಾರದ ಕೆಲಸ, ಮಠಗಳಿಗೇನು ಸಂಬಂಧ?' ಎಂದು ಕೆಲವರು ಕೇಳಬಹುದು. ಅವರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸುತ್ತೇನೆ. ಹಾನಗಲ್ಲ ಕುಮಾರ ಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನ ಕೈಗೆ ಭಿಕ್ಷಾಪಾತ್ರೆ ಕೊಡಲಿಲ್ಲ. ಸಂಗೀತ ವಿದ್ಯೆ ಕೊಡಿಸಿದರು. ಆ ಬಾಲಕ ಪಂಚಾಕ್ಷರಿ ಗವಾಯಿಗಳಾದರು. ಅವರ ಕೈಯಲ್ಲಿ ಬೆಳೆದ, ಕಣ್ಣಿಲ್ಲದ ಇನ್ನೊಬ್ಬ ಬಾಲಕ ಪುಟ್ಟರಾಜ ಗವಾಯಿಗಳಾದರು. 1914ರಲ್ಲಿ ಹುಟ್ಟಿ 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾಕಿ, ಕಲಿಸಿ, ಸ್ವಂತ ದುಡಿಮೆಗೆ ನಿಲ್ಲಿಸಿದ ಅಂಧ ಮಕ್ಕಳು ನಾಡಿನ ತುಂಬ ಇದ್ದಾರೆ. ಸರ್ಕಾರದ ಯಾವ ಕಾಯಿದೆಗೂ ಅವರು ಕಾಯಲಿಲ್ಲ. ಕಾಯಕಕ್ಕೆ ದಾರಿ ಮಾಡಿಕೊಡುವುದೇ ದಾಸೋಹ ಎಂದು ಬಗೆದರು. ಆ ದಾರಿ ಕಿವಿಯ ಮೂಲಕ ಹೋಗುತ್ತಿತ್ತು. ಕಿವಿಯೂ ಇಲ್ಲದವರಿಗೆ ಬೆರಳಿನ ಮೂಲಕ ದಾರಿ ಮಾಡುವುದು ನಮ್ಮ ಕಾಲದ ಕೆಲಸ.

'ಇಂಥವರು ಎಷ್ಟು ಜನ ಇದ್ದಾರು? ನಾಲ್ಕು ಜನಕ್ಕಾಗಿ ಇಷ್ಟು ಖರ್ಚೇ?' ಎಂಬುದು ಇನ್ನೊಂದು ಆಕ್ಷೇಪ. ನಾಲ್ಕೇ ಜನ ಇದ್ದರೆ ಇನ್ನೂ ಸುಲಭವಾಯಿತಲ್ಲ! ಒಂದು ಜಯಂತಿಯ ಫ್ಲೆಕ್ಸು, ಶಾಮಿಯಾನ, ಹಾರ-ಶಾಲುಗಳ ದುಡ್ಡಿನಲ್ಲಿ ನಾಲ್ಕು ಜನಕ್ಕೆ ಬಾಯಿ ಬರುತ್ತದೆ. ಶಾಲು ಹೊದಿಸಿ ಕೂರಿಸಿದ ದೊಡ್ಡಪ್ಪ ಒಮ್ಮೆ ವೇದಿಕೆಯ ಮೇಲೆ ಎರಡು ಗಂಟೆ ಕೂತಿದ್ದರು. ತಮ್ಮ ಬಗ್ಗೆ ಯಾರು ಏನು ಹೊಗಳಿದರೆಂದು ಅವರಿಗೆ ಇಂದಿಗೂ ಗೊತ್ತಿಲ್ಲ.

ನಮ್ಮ ಬೆಂಗಳೂರು ಉತ್ತರದಲ್ಲಿ, ಅಂದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಸುತ್ತ ಇರುವ ಮಠ, ಬಸವ ಕೇಂದ್ರ, ಅಕ್ಕನ ಬಳಗಗಳು ಕೂಡಿದರೆ ಮಾಡಬಹುದಾದ ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು ಹುಡುಕುವುದು. ಸಾಮೂಹಿಕ ಇಷ್ಟಲಿಂಗ ಪೂಜೆಗೆ, ಶಿವಾನುಭವ ಗೋಷ್ಠಿಗೆ ಬಂದವರನ್ನು ಕೇಳಿರಿ: ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಕಣ್ಣು ಕಿವಿ ಎರಡೂ ಮಂದವಾದವರು ಇದ್ದಾರೆಯೇ? ಜಾತಿ, ಮತ ಕೇಳಬೇಡಿ. ಅನುಭವ ಮಂಟಪದ ಬಾಗಿಲಲ್ಲಿ ಅದನ್ನು ಕೇಳುತ್ತಿರಲಿಲ್ಲ.

ಎರಡನೆಯದು ದಾಖಲೆ. ಯುಡಿಐಡಿ ಕಾರ್ಡಿನಲ್ಲಿ ಕಣ್ಣು ಒಂದೇ, ಕಿವಿ ಒಂದೇ ಬರೆಸಿ ಬಿಡುತ್ತಾರೆ. ಎರಡನ್ನೂ ಸೇರಿಸಿ ಬಹುವಿಧ ವೈಕಲ್ಯವೆಂದು ಬರೆಸಬೇಕು. ಇದಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ. ನಮ್ಮ ಪ್ರಸಾದ ನಿಲಯಗಳ ವಿದ್ಯಾರ್ಥಿಗಳು ಜೊತೆಗೆ ಹೋಗಲಿ.

ಮೂರನೆಯದು ಸಾಧನಗಳ ಭಂಡಾರ. ಒಂದು ಮಠದ ಒಂದು ಕೋಣೆ ಸಾಕು. ಎರಡು ಮೂರು ಬ್ರೈಲ್ ಡಿಸ್‌ಪ್ಲೇ, ದಪ್ಪಕ್ಷರದ ಫೋನು, ನಡುಗುವ ಗಂಟೆ ಇರಲಿ. ತಿಂಗಳೊಪ್ಪತ್ತು ಮನೆಗೊಯ್ದು ಬಳಸಿ ನೋಡಲಿ. ಹೊಂದಿದರೆ ಸರ್ಕಾರಕ್ಕೆ ಅರ್ಜಿ, ಹೊಂದದಿದ್ದರೆ ಇನ್ನೊಂದು.

ನಾಲ್ಕನೆಯದು ಕಲಿಯುವುದು. ಇದಕ್ಕೆ ದುಡ್ಡೇ ಬೇಡ. ಜಪಾನಿನ ಸತೋಶಿ ಫುಕುಶಿಮಾ ಎಂಬವರು ಬಾಲ್ಯದಲ್ಲಿ ಕಣ್ಣು, 18ನೇ ವಯಸ್ಸಿಗೆ ಕಿವಿ ಕಳೆದುಕೊಂಡರು. 1981ರಲ್ಲಿ ಅವರ ತಾಯಿ ಮಗನ ಬೆರಳುಗಳನ್ನೇ ಬ್ರೈಲ್ ಯಂತ್ರದ ಆರು ಕೀಲಿ ಎಂದು ಭಾವಿಸಿ ತಟ್ಟಿ ಮಾತಾಡಿಸಿದರು. ಆ ಮಗ ಮುಂದೆ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ತಾಯಿಯ ಆ ಉಪಾಯಕ್ಕೆ ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ. ಆರು ಚುಕ್ಕೆಯ ಕನ್ನಡ ಬ್ರೈಲನ್ನೂ ಹಾಗೇ ತಟ್ಟಬಹುದು. ಪ್ರತಿ ಮಠದಲ್ಲಿ ಇಬ್ಬರು ಕಲಿತರೆ ಸಾಕು, ಆ ಮಠದ ಬಾಗಿಲು ಇವರಿಗೆ ತೆರೆದ ಹಾಗೆ.

ಐದನೆಯದು ವಚನಗಳು. ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಅಚ್ಚು ಹಾಕಿಸಿತು. ಗಣಕದಲ್ಲಿ ಕನ್ನಡ ಅಕ್ಷರವಾಗಿರುವ ವಚನ ಬ್ರೈಲ್ ಆಗಲು ನಿಮಿಷ ಸಾಕು. ಮುದ್ರಿತ ಕನ್ನಡ ಪುಟವನ್ನು ಗಣಕಾಕ್ಷರ ಮಾಡುವ 'ಲಿಪಿ ಜ್ಞಾನಿ' ತಂತ್ರಾಂಶವನ್ನು ರೂಪಿಸಿದ್ದು ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ. ನಮ್ಮ ಮಠಗಳು ಹೊರತರುವ ಪುಸ್ತಕಗಳ ಗಣಕ ಪ್ರತಿಯನ್ನು ಹೀಗೆ ಕೊಟ್ಟರೆ ಕಳೆದುಕೊಳ್ಳುವುದೇನಿದೆ?

ಕೊನೆಯದು, ಕೇಳುವುದು. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ನಾವು ಒಟ್ಟಾಗಿ ಕೇಳಬೇಕು. ಕಣ್ಣು-ಕಿವಿ ಎರಡೂ ಇಲ್ಲದವರಿಗೆ ಬೇರೆಯದೇ ಕಾಲಂ ಬೇಕು, ಬ್ರೈಲ್ ಡಿಸ್‌ಪ್ಲೇ ಸಾಧನಗಳ ಪಟ್ಟಿಗೆ ಬರಬೇಕು, ಕಲಿಸುವವರ ಸಂಬಳವೂ ಯೋಜನೆಯಲ್ಲಿ ಸೇರಬೇಕು. ಕೇಂದ್ರದ ಡಿಜಿಟಲ್ ಭಾರತ್ ನಿಧಿಯಿಂದ ಪಾಲು ತರಲು ನಮ್ಮ ಸಂಸದರನ್ನು ಕೇಳಬೇಕು. ಮಠಗಳ ವೇದಿಕೆಗೆ ಮಂತ್ರಿಗಳು ಬರುತ್ತಲೇ ಇರುತ್ತಾರೆ. ಪೂಜ್ಯರು ಆಶೀರ್ವಚನದಲ್ಲಿ ಇದೊಂದು ಮಾತು ಹೇಳಿದರೆ ಹತ್ತು ಅರ್ಜಿಗೆ ಸಮ.

ದೊಡ್ಡಪ್ಪನ ಸುದ್ದಿ ಹೇಳಿ ಮುಗಿಸುತ್ತೇನೆ. ಎರಡು ವರ್ಷ ಹಟ ಹಿಡಿದು ಅವರು ಬ್ರೈಲ್ ಕಲಿತರು. ಕಲಿಸಲು ಬಂದವರು ಕಣ್ಣಿಲ್ಲದ ಒಬ್ಬ ತರುಣ ಶಿಕ್ಷಕರು. ಮೊಮ್ಮಗಳೂ ಜೊತೆಗೆ ಕಲಿತಳು. ಒಂದು ಸಂಸ್ಥೆಯವರು ಮೂರು ತಿಂಗಳ ಮಟ್ಟಿಗೆ ಬ್ರೈಲ್ ಡಿಸ್‌ಪ್ಲೇ ಎರವಲು ಕೊಟ್ಟರು. ಮೊಮ್ಮಗಳ ಲ್ಯಾಪ್‌ಟಾಪಿಗೆ ಜೋಡಿಸಿ, ಊರಲ್ಲಿರುವ ತಮ್ಮನಿಗೆ ಅವರು ಬರೆದ ಮೊದಲ ಮಾತು: "ಅಲ್ಲಿ ಮಳೆ ಆತೇನು?" ಊರಿಂದ ಉತ್ತರ ಬಂತು. ಚುಕ್ಕೆಗಳ ಮೇಲೆ ಬೆರಳಾಡಿಸಿ, ನಕ್ಕರು. ಆ ರಾತ್ರಿ ಹನ್ನೊಂದರವರೆಗೂ ಅಣ್ಣ ತಮ್ಮ ಹೊಲದ ಮಾತಾಡಿದರು. ನಾಲ್ಕು ವರ್ಷದ ಮಾತು ಬಾಕಿ ಇತ್ತು.

ಆ ಯಂತ್ರವನ್ನು ಬರುವ ತಿಂಗಳು ಹಿಂದಿರುಗಿಸಬೇಕು. ಇನ್ನೊಬ್ಬರು ಕಾಯುತ್ತಿದ್ದಾರೆ. ಅವರಿಗೂ ಮನೆ ಇದೆ, ಅಣ್ಣತಮ್ಮಂದಿರಿದ್ದಾರೆ, ಬಾಕಿ ಉಳಿದ ಮಾತುಗಳಿವೆ. ಆದ್ದರಿಂದ ಉಳಿಸಿಕೊಳ್ಳುತ್ತೇವೆ ಎನ್ನಲು ನಮಗೆ ಮನಸ್ಸು ಬರದು. ಈ ಲೇಖನ ಓದಿದ ಯಾವುದಾದರೂ ಒಂದು ಮಠದಲ್ಲಿ ಒಂದು ಕೋಣೆ, ಎರಡು ಯಂತ್ರ, ಕಲಿಯುವ ಇಬ್ಬರು ಹುಡುಗರು ಸಿದ್ಧವಾದರೆ ದೊಡ್ಡಪ್ಪನೂ ಉಳಿಯುತ್ತಾರೆ, ಕಾಯುತ್ತಿರುವವರೂ ಉಳಿಯುತ್ತಾರೆ.